ಒತ್ತು ಶಾವಿಗೆ ಮತ್ತು ಪಾಸ್ತಾ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ನಿಮಗೆ ನೆನಪಾಗುವುದು ತೆಂಗು. ಕಲ್ಪತರು ನಾಡೆಂದೇ ಈ ಸೀಮೆಗೆ ಹೆಸರು. ಇಲ್ಲಿಯ ಮನೆಗಳಿಗೆ ಬೀಗರು ಬಂದರೆ, ಮಗಳು ಅಳಿಯ ಬಂದರೆ ಒತ್ತು ಶಾವಿಗೆ ಮಾಡಿ ಕಾಯಿಹಾಲು ಬಡಿಸುವುದು ಹಿಂದಿನಿಂದ ಬಂದ ವಾಡಿಕೆ. ಗಸಗಸೆ, ಏಲಕ್ಕಿ, ಬೆಲ್ಲ ಸೇರಿದ ಕಾಯಿಹಾಲು ಒಂದು ಕಡೆ, ಎಳ್ಳುಪುಡಿ ಇನ್ನೊಂದು ಕಡೆ. ಉಂಡವರು ಮಧ್ಯಾಹ್ನವೆಲ್ಲ ಜಗುಲಿ ಬಿಟ್ಟು ಏಳುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆಯ ಕುಟುಂಬಗಳೂ ಇಟಲಿಯ ಪ್ರವಾಸಕ್ಕೆ ಹೋಗಿಬರುತ್ತಿವೆ. ರೋಮ್ ನಗರದ ಅವಶೇಷಗಳನ್ನೂ ವೆನಿಸ್ಸಿನ ಕಾಲುವೆಗಳನ್ನೂ ನೋಡಿ ಬಂದವರು ಊಟದ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: "ಅಲ್ಲಿ ಪಾಸ್ತಾ ಅನ್ನೋದು ನಮ್ಮ ಶಾವಿಗೇನೇ ಕಣಪ್ಪ, ಒಂಚೂರು ದಪ್ಪ ಅಷ್ಟೆ." ಅದರ ಬೆನ್ನಿಗೇ ಎರಡನೆಯ ಮಾತೂ ಬರುತ್ತದೆ: "ನಮ್ಮಿಂದಲೇ ಕಲಿತಿರಬೇಕು." ಮೊದಲನೆಯ ಮಾತು ನಾಲಿಗೆಯ ಅನುಭವ. ಅದರ ಬಗ್ಗೆ ತಕರಾರಿಲ್ಲ. ಎರಡನೆಯದು ಚರಿತ್ರೆಯ ಹೇಳಿಕೆ. ಚರಿತ್ರೆಯ ಹೇಳಿಕೆಗೆ ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ಇಂದು ಒಟ್ಟಿಗೆ ಪರಿಶೀಲಿಸೋಣ.

ಪಾಸ್ತಾ ಎಂಬ ಪದದ ಅರ್ಥ ಬಹಳ ಸರಳ. ನಮ್ಮಲ್ಲಿ ಹೋಳಿಗೆಗೆ ಕಲಸಿಡುವ ಕಣಕ ಇದೆಯಲ್ಲ, ಇಟಲಿಯವರ ಪಾಸ್ತಾ ಎಂದರೆ ಅಂಥ ಕಲಸಿದ ಹಿಟ್ಟು. ಅದನ್ನು ಎಳೆಯಾಗಿ, ಪಟ್ಟಿಯಾಗಿ, ಕೊಳವೆಯಾಗಿ, ಶಂಖದ ಆಕಾರದಲ್ಲಿ ಹೀಗೆ ನೂರಾರು ಬಗೆಯಲ್ಲಿ ಮಾಡುತ್ತಾರೆ. ಸ್ಪಗೆಟ್ಟಿ ಎಂದರೆ ಸಣ್ಣ ದಾರಗಳು. ವರ್ಮಿಚೆಲ್ಲಿ ಎಂದರೆ ಪುಟ್ಟ ಹುಳುಗಳು! ಹೆಸರು ಕೇಳಿ ಮುಖ ಸಿಂಡರಿಸಬೇಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಶಾವಿಗೆ ಪೊಟ್ಟಣದ ಮೇಲೆ ವರ್ಮಿಸೆಲ್ಲಿ ಎಂದು ಮುದ್ರಿಸಿರುವುದೂ ಅದೇ ಪದ.

ಪಾಸ್ತಾ ಇಟಲಿಗೆ ಹೇಗೆ ಬಂತು ಎಂಬುದಕ್ಕೆ ಬಹಳ ಮಂದಿ ನಂಬಿರುವ ಒಂದು ಕಥೆಯಿದೆ. ವೆನಿಸ್ಸಿನ ಯಾತ್ರಿಕ ಮಾರ್ಕೊ ಪೋಲೊ ಅದನ್ನು ಚೀನಾದಿಂದ ತಂದನಂತೆ. ಈತ ದಕ್ಷಿಣ ಭಾರತದ ಕರಾವಳಿಯನ್ನೂ ಕಂಡವನು; ನಿಮ್ಮ ಪಠ್ಯಪುಸ್ತಕದಲ್ಲಿ ಅವನ ಹೆಸರಿದೆ. ಅವನು ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಆದರೆ ಇಟಲಿಯ ಜಿನೋವಾ ನಗರದಲ್ಲಿ 1279ರಲ್ಲಿಯೇ ನೋಟರಿಯೊಬ್ಬ ಬರೆದ ಆಸ್ತಿಪಟ್ಟಿಯೊಂದು ಉಳಿದುಬಂದಿದೆ. ಪೋಂಜಿಯೊ ಬಸ್ತೋನೆ ಎಂಬ ಸೈನಿಕನ ಮನೆಯ ಸಾಮಾನುಗಳ ನಡುವೆ ಮಕರೋನಿ ತುಂಬಿದ ಒಂದು ಬುಟ್ಟಿಯನ್ನೂ ಆತ ದಾಖಲಿಸಿದ್ದಾನೆ. ನಮ್ಮ ಕಡೆ ಹೊಯ್ಸಳ ಮೂರನೆಯ ನರಸಿಂಹ ಆಳುತ್ತಿದ್ದ ಕಾಲ ಅದು. ತುರುವೇಕೆರೆಯ ಹೊಯ್ಸಳ ದೇವಾಲಯಗಳು ಆ ಶತಮಾನದವು. ಮಾರ್ಕೊ ಪೋಲೊ ಊರಿಗೆ ಮರಳುವ 16 ವರ್ಷ ಮೊದಲೇ ಬುಟ್ಟಿಯಲ್ಲಿ ತುಂಬಿಡುವಷ್ಟು ಒಣ ಮಕರೋನಿ ಇಟಲಿಯ ಮನೆಯಲ್ಲಿತ್ತು ಎಂದಮೇಲೆ ಆ ಕಥೆ ನಿಲ್ಲುವುದಿಲ್ಲ.

ಹಾಗಾದರೆ ಕಥೆ ಹುಟ್ಟಿದ್ದು ಎಲ್ಲಿ? ಅಮೆರಿಕದ ಮಕರೋನಿ ತಯಾರಕರ ಸಂಘದ ಪತ್ರಿಕೆಯೊಂದು 1929ರಲ್ಲಿ ಒಂದು ಲೇಖನ ಪ್ರಕಟಿಸಿತು. ಮಾರ್ಕೊ ಪೋಲೊನ ಹಡಗಿನಲ್ಲಿ ಸ್ಪಗೆಟ್ಟಿ ಎಂಬ ಹೆಸರಿನ ನಾವಿಕನೊಬ್ಬ ಇದ್ದನೆಂದೂ ಅವನೇ ಈ ವಿದ್ಯೆಯನ್ನು ಕಲಿತು ಬಂದನೆಂದೂ ಅದರಲ್ಲಿತ್ತು. ವ್ಯಾಪಾರಕ್ಕಾಗಿ ಹೆಣೆದ ಕಥೆ ಮುಂದೆ ಚರಿತ್ರೆಯ ವೇಷ ತೊಟ್ಟಿತು.

ಇನ್ನೂ ಹಿಂದಕ್ಕೆ ಹೋಗೋಣ. ಸಿಸಿಲಿ ದ್ವೀಪದ ಅರಸ ಎರಡನೆಯ ರೋಜರನ ಆಶ್ರಯದಲ್ಲಿದ್ದ ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ 1154ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ. ಪಲೆರ್ಮೊ ಬಳಿಯ ತ್ರಾಬಿಯಾ ಎಂಬಲ್ಲಿ ಇತ್ರಿಯ ಎಂಬ ಎಳೆಗಳನ್ನು ಹೇರಳವಾಗಿ ತಯಾರಿಸಿ, ಹಡಗುಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸುತ್ತಾರೆಂದು ಆತ ಬರೆದಿದ್ದಾನೆ. ಇತ್ರಿಯ ಎಂದರೇನು ಎಂಬುದನ್ನು 9ನೇ ಶತಮಾನದ ವೈದ್ಯ ಈಶೋ ಬಾರ್ ಅಲಿ ಮೊದಲೇ ವಿವರಿಸಿದ್ದ: ರವೆಯಿಂದ ಮಾಡಿ, ಬೇಯಿಸುವ ಮುನ್ನ ಒಣಗಿಸಿಟ್ಟ ಎಳೆಗಳು. ಇಂದಿಗೂ ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ ಕಡಲೆಯೊಡನೆ ಬೇಯಿಸುವ ಒಂದು ಬಗೆಯ ಪಾಸ್ತಾಕ್ಕೆ ತ್ರಿಯಾ ಎಂದೇ ಹೆಸರು. ಅರಬ್ಬೀ ಪದ ಅಡುಗೆಮನೆಯಲ್ಲಿ ಹೀಗೆ ಉಳಿದುಕೊಂಡಿದೆ.

ಈಗ ನಮ್ಮ ಕಡೆಯ ದಾಖಲೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿನಲ್ಲಿ ಲೋಕೋಪಕಾರ ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಹೆಸರೇ ಹೇಳುವಂತೆ ಲೋಕದ ಜನಕ್ಕೆ ಉಪಕಾರವಾಗುವ ವಿಷಯಗಳ ಕೋಶ ಅದು. ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ ದ್ರವ್ಯ, ವೈದ್ಯ, ಇವುಗಳ ಜೊತೆಗೆ ಅಡುಗೆಯ ವಿಷಯವೂ ಇದೆ. ಅಲ್ಲಿ ಶಾವಿಗೆ ಮಾಡುವ ಬಗೆಯೂ ಅದನ್ನು ಒತ್ತುವ ಅಚ್ಚಿನ ಪ್ರಸ್ತಾಪವೂ ಬರುತ್ತವೆ. ಅಂದರೆ ಶಾವಿಗೆ ಒರಳಿನ ವಂಶಕ್ಕೆ ಕನ್ನಡದಲ್ಲಿಯೇ ಸಾವಿರ ವರ್ಷದ ಲಿಖಿತ ಆಧಾರವಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1025 ಎಂಬುದು 1154ಕ್ಕಿಂತ ಹಿಂದಿನದು. ಆದ್ದರಿಂದ ಪಾಸ್ತಾ ನಮ್ಮಿಂದ ಹೋಯಿತು ಎಂದು ಘೋಷಿಸಿಬಿಡಲು ನಾಲಿಗೆ ತುರಿಸುತ್ತದೆ. ಪ್ರಬಂಧ ಸ್ಪರ್ಧೆಗಳಲ್ಲಿ ಇಂಥ ವಾದ ಚಪ್ಪಾಳೆ ಗಿಟ್ಟಿಸುವುದನ್ನು ನಾನು ಕಂಡಿದ್ದೇನೆ. ಆದರೆ ಮೊದಲು ಬರೆದಿಟ್ಟವನು ಬೇರೆಯವರಿಗೆ ಕಲಿಸಿದನೆಂದು ಆಗುವುದಿಲ್ಲ. ಆ ಲೆಕ್ಕಕ್ಕೆ ಹೋದರೆ ಚೀನಾದ ಲಾಜಿಯಾ ಎಂಬಲ್ಲಿ ಸುಮಾರು 4000 ವರ್ಷ ಹಳೆಯ ಬೋಗುಣಿಯೊಂದರಲ್ಲಿ ಎಳೆಗಳು ಸಿಕ್ಕ ಸಂಗತಿ 2005ರಲ್ಲಿ ಪ್ರಕಟವಾಯಿತು. ನಾವೂ ಇಟಲಿಯವರೂ ಚೀನಾಕ್ಕೆ ಶಿಷ್ಯರಾಗಬೇಕಾಗುತ್ತದೆ! ಒಂದು ವಿದ್ಯೆ ಒಂದು ನಾಡಿನಿಂದ ಇನ್ನೊಂದಕ್ಕೆ ಹೋಯಿತು ಎನ್ನಲು ದಾರಿ ತೋರಿಸಬೇಕು. ಹೆಸರು ಹೋಗಿರಬೇಕು, ಉಪಕರಣ ಹೋಗಿರಬೇಕು, ಇಲ್ಲವೇ ಮಾಡುವ ಕ್ರಮವಾದರೂ ಒಂದೇ ಇರಬೇಕು. ಅರಬ್ಬರಿಂದ ಸಿಸಿಲಿಗೆ ಇತ್ರಿಯ ಎಂಬ ಹೆಸರು ಹೋದದ್ದು ಕಣ್ಣಿಗೆ ಕಾಣುತ್ತದೆ. ಶಾವಿಗೆ ಎಂಬ ಪದಕ್ಕೆ ತಮಿಳಿನ ಸೇವೈ, ಹಿಂದಿಯ ಸೇವಯಿ ನಂಟರೇ ಹೊರತು ಇಟಲಿಯ ಯಾವ ಪದವೂ ಅಲ್ಲ.

ಮಾಡುವ ಕ್ರಮವನ್ನಂತೂ ನೋಡಲೇಬೇಕು. ಇತಿಹಾಸದ ವಿದ್ಯಾರ್ಥಿಗೆ ಶಾಸನದಷ್ಟೇ ಅಡುಗೆಮನೆಯೂ ಆಧಾರ.

ಕಲ್ಪತರು ನಾಡಿನ ಒತ್ತು ಶಾವಿಗೆ ಅಕ್ಕಿಯದು, ಕೆಲವೊಮ್ಮೆ ರಾಗಿಯದು. ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮಾಡಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಒತ್ತಬೇಕು. ಹಳೆಯ ಒರಳೆಂದರೆ ಮರದ ದಿಮ್ಮಿಯಲ್ಲಿ ಕೊರೆದ ಗುಳಿ, ತಳದಲ್ಲಿ ತೂತುಗಳ ಲೋಹದ ಬಿಲ್ಲೆ, ಮೇಲಿನಿಂದ ಒತ್ತುವ ಮರದ ಗುಂಡು. ಒತ್ತುವುದು ಸುಲಭವಲ್ಲ. ಉದ್ದನೆಯ ಸನ್ನೆಯ ಮೇಲೆ ಮನೆಯ ಗಂಡಾಳು ಭಾರ ಬಿಟ್ಟು ಕೂರುತ್ತಿದ್ದ; ಕೆಳಗೆ ತಟ್ಟೆ ಹಿಡಿದ ಹೆಣ್ಣುಮಕ್ಕಳು ಎಳೆಗಳನ್ನು ಸುರುಳಿಯಾಗಿ ಹಿಡಿಯುತ್ತಿದ್ದರು. ಮುಂದೆ ತಿರುಪಿನ ಹಿತ್ತಾಳೆ ಒರಳು ಬಂದಮೇಲೆ ಈ ಕೆಲಸ ಹಗುರವಾಯಿತು.

ಬಿಸಿಯಾಗಿಯೇ ಏಕೆ ಒತ್ತಬೇಕು? ಅಕ್ಕಿಯಲ್ಲಾಗಲಿ ರಾಗಿಯಲ್ಲಾಗಲಿ ಗ್ಲುಟೆನ್ ಎಂಬ ಅಂಟು ಇಲ್ಲ. ಹಸಿ ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿ ಒತ್ತಿದರೆ ಎಳೆ ತುಂಡುತುಂಡಾಗುತ್ತದೆ. ಬೇಯಿಸಿದಾಗ ಅದರ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಎಳೆಯನ್ನು ಹಿಡಿದಿಡುವುದು ಆ ಅಂಟು. ಆದ್ದರಿಂದ ನಮ್ಮಲ್ಲಿ ಬೇಯಿಸುವುದು ಮೊದಲು, ಒತ್ತುವುದು ಆಮೇಲೆ. ಇಟಲಿಯ ಒಣ ಪಾಸ್ತಾ ಡುರಮ್ ಎಂಬ ಗಟ್ಟಿ ಗೋಧಿಯ ರವೆಯದು. ಅದರ ಗ್ಲುಟೆನ್ ತಣ್ಣೀರಿನಲ್ಲಿ ಕಲಸಿದರೂ ಎಳೆಯನ್ನು ಹಿಡಿದಿಡುತ್ತದೆ. ಅಲ್ಲಿ ಒತ್ತುವುದು ಮೊದಲು, ಆಮೇಲೆ ಒಣಗಿಸುವುದು, ಬೇಯಿಸುವುದು ಕೊನೆಗೆ, ಅದೂ ತಿಂಗಳುಗಟ್ಟಲೆ ಕಳೆದ ಮೇಲೆ, ಸಾವಿರ ಮೈಲಿ ಆಚೆಯ ಊರಿನಲ್ಲಿ ಆದರೂ ಆದೀತು. ಒಣ ಪಾಸ್ತಾವನ್ನು ಡುರಮ್ ಗೋಧಿಯಿಂದಲೇ ಮಾಡಬೇಕೆಂದೂ ಅದರ ತೇವಾಂಶ ಶೇ. 12.5 ಮೀರಬಾರದೆಂದೂ ಇಟಲಿಯಲ್ಲಿ ಕಾನೂನೇ ಇದೆ.

ತಟ್ಟೆಯಲ್ಲಿ ಒಂದೇ ರೀತಿ ಕಾಣುವ ಎರಡು ತಿನಿಸುಗಳ ಹಿಂದೆ ಹೀಗೆ ಎರಡು ಬೇರೆ ಬೇರೆ ತರ್ಕಗಳಿವೆ. ಪಾಸ್ತಾದ ನಿಜವಾದ ನಂಟನನ್ನು ಕರ್ನಾಟಕದಲ್ಲಿ ಹುಡುಕುವುದಾದರೆ ನೀವು ತಿಪಟೂರಿನಿಂದ ರೈಲು ಹತ್ತಿ ಹರಿಹರ ದಾಟಿ ಉತ್ತರಕ್ಕೆ ಹೋಗಬೇಕು. ಧಾರವಾಡ, ಬೆಳಗಾವಿ ಕಡೆ ಬೇಸಗೆಯಲ್ಲಿ ಹೆಂಗಸರು ಸೇರಿ ಗೋಧಿ ರವೆಯನ್ನು ನಾದಿ, ಓರೆಯಾಗಿ ಇರಿಸಿದ ಹಲಗೆಯ ಮೇಲೆ ಶಾವಿಗೆ ಹೊಸೆದು, ಕೋಲಿನ ಮೇಲೆ ಇಳಿಬಿಟ್ಟು ಬಿಸಿಲಲ್ಲಿ ಒಣಗಿಸಿ ವರ್ಷಕ್ಕಾಗುವಷ್ಟು ಡಬ್ಬಿ ತುಂಬುತ್ತಾರೆ. ಆ ಸೀಮೆಯಲ್ಲಿ ಬೆಳೆದು ಬಂದಿರುವ ಜವೆಗೋಧಿಯನ್ನು ಇಟಲಿಯವರೂ ಬಲ್ಲರು. ಅವರು ಅದನ್ನು ಫಾರ್ರೊ ಎನ್ನುತ್ತಾರೆ. ಇದೂ ಎರವಲಿನ ಕುರುಹಲ್ಲ. ಗಟ್ಟಿ ಗೋಧಿ, ಒಣ ಹವೆ, ಕೂಡಿಡುವ ಅಗತ್ಯ ಈ ಮೂರೂ ಒಂದೆಡೆ ಸೇರಿದರೆ ಜನ ಒಂದೇ ಉಪಾಯಕ್ಕೆ ಬರುತ್ತಾರೆ.

ಉಪಕರಣದಲ್ಲಿಯಂತೂ ಈ ಸಮಾನತೆ ಸೋಜಿಗ ಹುಟ್ಟಿಸುವಷ್ಟಿದೆ. ವೆನಿಸ್ ಸುತ್ತಲಿನ ವೆನೆತೊ ಪ್ರಾಂತ್ಯದ ಹಳ್ಳಿಮನೆಗಳಲ್ಲಿ ಬಿಗೋಲಿ ಎಂಬ ದಪ್ಪ ಎಳೆಯನ್ನು ಒತ್ತಲು ಒಂದು ಮರದ ಬೆಂಚು ಇರುತ್ತಿತ್ತು. ಅದರ ಒಂದು ತುದಿಯಲ್ಲಿ ಲೋಹದ ಕೊಳವೆ, ಕೊಳವೆಯ ತಳದಲ್ಲಿ ತೂತಿನ ಬಿಲ್ಲೆ, ಮೇಲೆ ತಿರುಪು. ಮನೆಯವರೊಬ್ಬರು ಬೆಂಚಿನ ಮೇಲೆ ಕುದುರೆ ಸವಾರಿಯಂತೆ ಕುಳಿತು ಹಿಡಿಯನ್ನು ತಿರುಗಿಸಬೇಕು. ಚಿಕ್ಕನಾಯಕನಹಳ್ಳಿಯ ಅಜ್ಜಿಯನ್ನು ಕರೆದೊಯ್ದು ಅದರ ಮುಂದೆ ನಿಲ್ಲಿಸಿದರೆ ಅರೆಗಳಿಗೆಯಲ್ಲಿ ಕೆಲಸ ಶುರು ಮಾಡಿಯಾರು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಯೂರೋಪಿನಲ್ಲಿದ್ದಾಗ ಮಕರೋನಿ ಯಂತ್ರದ ರಚನೆಗೆ ಮನಸೋತು, ಸುಮಾರು 1787ರಲ್ಲಿ, ಅದರ ನಕ್ಷೆಯನ್ನು ಕೈಯಾರೆ ಬರೆದಿಟ್ಟ. ಆ ಹಾಳೆ ಇಂದಿಗೂ ಇದೆ.

ಒಣಗಿಸುವ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ತಿಪಟೂರಿನ ಚರಿತ್ರೆ ಇರುವುದೇ ಅಲ್ಲಿ. ನೇಪಲ್ಸ್ ಬಳಿ ಗ್ರನ್ಯಾನೊ ಎಂಬ ಸಣ್ಣ ಪಟ್ಟಣವಿದೆ. ಬೆಟ್ಟದ ತೊರೆಯಿಂದ ತಿರುಗುವ ಹಿಟ್ಟಿನ ಗಿರಣಿಗಳು, ಕಡಲ ಕಡೆಯಿಂದ ಬೀಸುವ ಗಾಳಿ, ಅಗಲವಾದ ಬೀದಿ. 19ನೇ ಶತಮಾನದಲ್ಲಿ ಆ ಬೀದಿಯುದ್ದಕ್ಕೂ ಕೋಲುಗಳ ಮೇಲೆ ಪಾಸ್ತಾ ತೂಗುಬಿಟ್ಟಿರುತ್ತಿತ್ತು. ಒಣಗಿದ ಮಾಲು ರೈಲು, ಹಡಗು ಏರಿ ಹೋಗುತ್ತಿತ್ತು. ಊರಿನ ಬದುಕೇ ಆ ಗಾಳಿಯ ಮೇಲೆ ನಿಂತಿತ್ತು. 2013ರಲ್ಲಿ ಗ್ರನ್ಯಾನೊ ಪಾಸ್ತಾಕ್ಕೆ ಯೂರೋಪಿನ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇನ್ನೊಂದು ಮಾತು: ಮೊದಲ ಮಹಾಯುದ್ಧದವರೆಗೆ ಅಲ್ಲಿಯವರು ಅತ್ಯುತ್ತಮವೆಂದು ಬಯಸುತ್ತಿದ್ದ ಗೋಧಿ ಇಟಲಿಯದಲ್ಲ, ರಷ್ಯಾದ ತಗನ್‌ರೋಗ್ ಬಂದರಿನಿಂದ ಬರುತ್ತಿದ್ದದ್ದು. ಅದಕ್ಕೆ ಸೇರಿಸುವ ಟೊಮ್ಯಾಟೊ ಅಮೆರಿಕ ಖಂಡದ ಹಣ್ಣು. 1492ಕ್ಕೆ ಮುಂಚೆ ಯೂರೋಪಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಪಾಸ್ತಾಕ್ಕೂ ಟೊಮ್ಯಾಟೊಗೂ ನಂಟು ಬಲಿತದ್ದು 18ನೇ ಶತಮಾನದ ಕೊನೆಯಿಂದ ಈಚೆಗೆ.

ತಿಪಟೂರಿನವರೂ ಒಣಗಿಸಿ ಮಾರಿಯೇ ಹೆಸರು ಮಾಡಿದವರು. ಆದರೆ ಅವರು ಒಣಗಿಸಿದ್ದು ಶಾವಿಗೆಯನ್ನಲ್ಲ, ಕಾಯಿಯನ್ನು. ಬಲಿತ ಕಾಯಿಗಳನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಇದು ಇಷ್ಟು ಚೆನ್ನಾಗಿ ಆಗುವುದಿಲ್ಲ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಈ ಒಣ ಮೈದಾನ ಕೊಬ್ಬರಿಗೆ ಹೇಳಿಮಾಡಿಸಿದ ಜಾಗ. 19ನೇ ಶತಮಾನದ ಕೊನೆಗೆ ರೈಲು ಬಂದದ್ದು ಅದಕ್ಕೆ ಕೂಡಿಬಂತು. ಉತ್ತರ ಭಾರತದ ಮದುವೆ ಪೂಜೆಗಳಿಗೆ ತಿಪಟೂರಿನ ಕೊಬ್ಬರಿ ಹೋಗತೊಡಗಿತು.

ಒಂದೇ ತೋಟದ ಕಾಯಿಗೆ ಹೀಗೆ ಎರಡು ದಾರಿ. ಅಟ್ಟ ಹತ್ತಿದ್ದು ವರ್ಷದ ನಂತರ ಮಂಡಿಗೆ ಹೋಗಿ ಬಿಲ್ಲಾಗುತ್ತದೆ. ಅದರ ಲೆಕ್ಕ ಕಾಗದದಲ್ಲಿ ಉಳಿಯುತ್ತದೆ. ಒಡೆದು ತುರಿದದ್ದು ಅಂದೇ ಕಾಯಿಹಾಲಾಗಿ ಸಂಜೆಯೊಳಗೆ ಮುಗಿಯುತ್ತದೆ, ಇಟ್ಟರೆ ಹುಳಿಯುತ್ತದೆ. ಹಬೆಯಲ್ಲಿ ಬೆಂದ ಶಾವಿಗೆಯ ಕಥೆಯೂ ಅಷ್ಟೆ. ಮಾರಾಟಕ್ಕೆ ಹೋಗದ ಈ ಎರಡೂ ಸೇರಿ ಆದ ಊಟಕ್ಕೆ ಹಡಗಿನ ಪಟ್ಟಿಯಿಲ್ಲ, ಮಂಡಿಯ ರಸೀದಿಯಿಲ್ಲ, ನೋಟರಿಯ ಸಾಕ್ಷಿಯಿಲ್ಲ. ಪಾಸ್ತಾದ ಚರಿತ್ರೆಯನ್ನು ಬರೆಯುವುದು ಸುಲಭವಾದದ್ದು ಅದು ಸರಕಾಗಿದ್ದರಿಂದ. ಒತ್ತು ಶಾವಿಗೆಯ ಚರಿತ್ರೆ ಇರುವುದು ಒರಳುಗಳಲ್ಲಿ ಮತ್ತು ಅದನ್ನು ಬಲ್ಲ ಹೆಂಗಸರ ನೆನಪಿನಲ್ಲಿ. ಮರದ ಒರಳುಗಳು ಈಗ ಒಲೆಗೆ ಸೇರುತ್ತಿವೆ, ಇಲ್ಲವೇ ನಗರದ ಹೋಟೆಲುಗಳ ಅಲಂಕಾರಕ್ಕೆ ಹೋಗುತ್ತಿವೆ. ಇಟಲಿಯವರು ಪಾರ್ಮಾ ಬಳಿಯ ಕೊಲೆಕ್ಕಿಯೊ ಎಂಬಲ್ಲಿ ಪಾಸ್ತಾಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಮಾಡಿ ಹಳೆಯ ಅಚ್ಚು, ಯಂತ್ರಗಳನ್ನು ಜೋಡಿಸಿಟ್ಟಿದ್ದಾರೆ.

ಬರುವ ರಜೆಯಲ್ಲಿ ನಿಮ್ಮ ಮನೆಯದೋ ನೆಂಟರ ಮನೆಯದೋ ಒರಳನ್ನು ಅಟ್ಟದಿಂದ ಇಳಿಸಿ ನೋಡಿ. ಮರ ಯಾವುದು, ಗುಳಿಯ ಆಳ ಎಷ್ಟು ಅಂಗುಲ, ಬಿಲ್ಲೆಯಲ್ಲಿ ತೂತುಗಳು ಎಷ್ಟು, ಸನ್ನೆಯದೋ ತಿರುಪಿನದೋ ಎಂದು ಅಳೆದು ಎಣಿಸಿ ಬರೆಯಿರಿ. ಯಾವ ಊರಿನ ಆಚಾರಿ ಮಾಡಿದ್ದು, ಯಾರ ಮದುವೆಯಲ್ಲಿ ಬಂದದ್ದು, ಅಕ್ಕಿ ಯಾವುದು ಹಾಕುತ್ತಿದ್ದರು, ರಾಗಿ ಶಾವಿಗೆ ಯಾವ ದಿನಗಳಲ್ಲಿ, ಕಾಯಿಹಾಲಿಗೆ ಎಷ್ಟು ಜನಕ್ಕೆ ಎಷ್ಟು ಕಾಯಿ ಎಂದು ಅಜ್ಜಿಯನ್ನು ಕೇಳಿ. ಅವರು ಬಳಸಿದ ಮಾತುಗಳಲ್ಲೇ ಬರೆದುಕೊಳ್ಳಿ, ಕೆಳಗೆ ತಾರೀಖು ಹಾಕಿ.