ನಿವೇಶನದಿಂದ ನಕ್ಷೆಗೆ: ಯೋಜಿತ ಅಭಿವೃದ್ಧಿ ವಲಯದ ಚರಿತ್ರೆ

1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರಿನ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಆ್ಯಂಬ್ಲರ್ ರಿಯಾಲ್ಟಿ ಕಂಪನಿಯ 68 ಎಕರೆ ಜಮೀನಿನ ಬಳಕೆಗೆ ಊರು ಹಾಕಿದ ಕಟ್ಟುಪಾಡಿನಿಂದ ಹುಟ್ಟಿದ ವ್ಯಾಜ್ಯ ಅದು. ತೀರ್ಪಿನ ಬಳಿಕ ಬೇರೆ ಊರುಗಳೂ ಇದೇ ದಾರಿ ಹಿಡಿದವು: ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ಕಾರ್ಖಾನೆ ಮತ್ತೊಂದು ಕಡೆ, ಪ್ರತಿ ನಿವೇಶನಕ್ಕೂ ಇಷ್ಟು ಸೆಟ್‌ಬ್ಯಾಕ್ (ಅಂಚಿನಲ್ಲಿ ಖಾಲಿ ಬಿಡಬೇಕಾದ ಜಾಗ), ಇಷ್ಟು ಎತ್ತರ. ಹೊಗೆ, ಗದ್ದಲಗಳಿಂದ ಮನೆಗಳಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಎರಡನೇ ಮಹಾಯುದ್ಧದ ನಂತರ ನೂರಾರು ಎಕರೆ ಹೊಲಗಳು ಒಟ್ಟಿಗೇ ಬಡಾವಣೆಗಳಾಗತೊಡಗಿದಾಗ ಈ ಪದ್ಧತಿಯ ಕೊರತೆ ಬಯಲಾಯಿತು. ಒಂದೊಂದೇ ನಿವೇಶನವನ್ನು ಅಳೆಯುವ ನಿಯಮಕ್ಕೆ ಹಳ್ಳ, ದಿಣ್ಣೆ, ತೋಪುಗಳು ಕಾಣುತ್ತಲೇ ಇರಲಿಲ್ಲ.

ಇಡೀ ಜಮೀನನ್ನು ಒಂದೇ ಘಟಕವಾಗಿ ನೋಡುವ ಯೋಜಿತ ಅಭಿವೃದ್ಧಿ ವಲಯದ ಪ್ರಯತ್ನಗಳಲ್ಲಿ ವರ್ಜೀನಿಯಾದ ರೆಸ್ಟನ್ ಮುಖ್ಯವಾದುದು. ಕಾರ್ನೆಗಿ ಹಾಲ್ ಎಂಬ ಸಂಗೀತ ಸಭಾಂಗಣದ ಮಾರಾಟದಿಂದ ಬಂದ ಹಣದಲ್ಲಿ ಉದ್ಯಮಿ ರಾಬರ್ಟ್ ಸೈಮನ್ 1961ರಲ್ಲಿ ಅಲ್ಲಿ ಸುಮಾರು 6,750 ಎಕರೆ ಕೊಂಡರು. ಮರುವರ್ಷ ಫೇರ್‌ಫ್ಯಾಕ್ಸ್ ಕೌಂಟಿ ಇದಕ್ಕೆಂದೇ ಹೊಸ ವಲಯವೊಂದನ್ನು ರೂಪಿಸಿತು. ಜನಸಾಂದ್ರತೆಯ ಮಿತಿ ಇಡೀ ಊರಿಗೆ ಸರಾಸರಿಯಾಗಿ ಅನ್ವಯಿಸುವುದರಿಂದ, ಒಂದು ಕಡೆ ಒತ್ತಾಗಿ ಕಟ್ಟಿ ಮತ್ತೊಂದು ಕಡೆ ಕಾಡನ್ನು ಹಾಗೆಯೇ ಬಿಡಬಹುದಾಗಿತ್ತು. ಫಲ ಲೇಕ್ ಆ್ಯನ್ ಹಳ್ಳಿಯಲ್ಲಿ ಕಾಣುತ್ತದೆ: ಕೆರೆಯಂಚಿನ ಚೌಕದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಬದಿಯಲ್ಲೇ 15 ಅಂತಸ್ತಿನ ಗೋಪುರ. ಹಳೆಯ ವಲಯ ನಿಯಮದಲ್ಲಿ ಇವು ಒಟ್ಟಿಗಿರಲು ಅವಕಾಶವೇ ಇರಲಿಲ್ಲ.

ಇಂಥ ಸ್ವಾತಂತ್ರ್ಯ ಕಾನೂನಿಗೆ ಒಪ್ಪುವುದೇ? ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ಎಕರೆಗೆ 10 ಮನೆಗಳ ಮಿತಿ, ಕನಿಷ್ಠ ಶೇ. 20 ತೆರೆದ ಜಾಗ ಎಂಬಂಥ ಷರತ್ತುಗಳನ್ನು ಹಾಕಿ, ಕಟ್ಟಡಗಳ ವಿನ್ಯಾಸದ ಪರಿಶೀಲನೆಯನ್ನು ಯೋಜನಾ ಆಯೋಗಕ್ಕೆ ಬಿಡಲಾಗಿತ್ತು. ನೆರೆಯವರು ನ್ಯಾಯಾಲಯದ ಮೆಟ್ಟಿಲೇರಿದರು. 1968ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಊರಿನ ಪರವಾಗಿ ತೀರ್ಪಿತ್ತಿತು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುಳು ಇರುವುದು ಇಲ್ಲಿಯೇ. ನಿಯಮ ಸಡಿಲಿಸಿದ್ದಕ್ಕೆ ಪ್ರತಿಯಾಗಿ ಜನರಿಗೆ ಸಿಗುವುದು ಒಂದು ಪರಿಕಲ್ಪನಾ ನಕ್ಷೆ, ಅಂದರೆ ಎಲ್ಲಿ ಏನು ಬರಲಿದೆಯೆಂದು ತೋರಿಸುವ ಹಾಳೆ. ನಕ್ಷೆ ಬರೆಸಿದವರು ಹೋದ ಮೇಲೆ ಅದರ ಗತಿಯೇನು? ರೆಸ್ಟನ್‌ನಲ್ಲೇ ಬಂಡವಾಳ ಹೂಡಿದ್ದ ಗಲ್ಫ್ ಆಯಿಲ್ ಕಂಪನಿ 1967ರಲ್ಲಿ ಸೈಮನ್ ಅವರನ್ನು ಹೊರಗೆ ಕಳಿಸಿತು. ಆಮೇಲೆ ಉಳಿಯುವುದು ಸರ್ಕಾರದ ಕಡತದಲ್ಲಿರುವ ಹಾಳೆ ಮತ್ತು ಅದನ್ನು ಕಾಯುವ ನಿವಾಸಿಗಳು ಮಾತ್ರ.

ಕರ್ನಾಟಕದಲ್ಲಿ ಕಾನೂನಿನ ಚೌಕಟ್ಟು ಬೇರೆ, ಪ್ರಶ್ನೆ ಅದೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಡಾವಣೆಯ ಕನಿಷ್ಠ ಶೇ. 15 ಭಾಗವನ್ನು ಉದ್ಯಾನ, ಆಟದ ಮೈದಾನಗಳಿಗೂ ಕನಿಷ್ಠ ಶೇ. 10ನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕೆನ್ನುತ್ತದೆ. ಆದರೂ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಗುರುತಿಸಿದ್ದ ಜಾಗ ಖಾಸಗಿ ನರ್ಸಿಂಗ್ ಹೋಮ್‌ಗೆ ಮಂಜೂರಾಯಿತು. ನಿವಾಸಿಗಳು ಸುಮ್ಮನಿರಲಿಲ್ಲ. ಮುದ್ದಪ್ಪ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1991ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಆ ಮಂಜೂರಾತಿ ನಿಲ್ಲದೆಂದಿತು. ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆಯೆಂದೂ ಸ್ಪಷ್ಟಪಡಿಸಿತು.