ಗ್ರಾಂಟ್ ರೋಡಿನ ಗೋಡೆಗಳು

ಮುಂಬಯಿಯವರಿಗೆ ಮನೆ ಸಿಂಗರಿಸುವುದನ್ನು ಕಲಿಸಿದವರು ಯಾರು ಎಂದು ಕೇಳಿದರೆ, ಓದಿಕೊಂಡವರು 1937ರ ನವೆಂಬರ್ ತಿಂಗಳನ್ನು ನೆನಪಿಸುತ್ತಾರೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಗ ಟೌನ್ ಹಾಲಿನಲ್ಲಿ ‘ಐಡಿಯಲ್ ಹೋಮ್’ ಪ್ರದರ್ಶನ ನಡೆಸಿತು. ಸಜ್ಜು ಮಾಡಿಟ್ಟ ಕೋಣೆಗಳನ್ನು ಕಾಣಲು ಜನ ಮುಗಿಬಿದ್ದರು. ಮರೀನ್ ಡ್ರೈವಿನ ಹೊಸ ಫ್ಲಾಟುಗಳವರಿಗೆ ಅದು ಸರಿಯಾದ ಪಾಠಶಾಲೆಯೇ. ನಾನು ಹೊನ್ನಾವರದ ಕಡೆಯಿಂದ ಮದುವೆಯಾಗಿ ಬಂದದ್ದು ಗ್ರಾಂಟ್ ರೋಡ್ ಪೂರ್ವದ ಒಂದು ಚಾಳಿಗೆ. ಒಂದು ಖೋಲಿ, ಮೂಲೆಯಲ್ಲಿ ಮೋರಿ, ತಲೆಯ ಮೇಲೆ ಪೋಟ್‌ಮಾಳಾ ಎಂಬ ಅಟ್ಟ. ಅಷ್ಟರಲ್ಲೇ ಮನೆ ಚೆಂದ ಮಾಡುವ ವಿದ್ಯೆ ಬೇರೆಯೇ ದಾರಿಗಳಿಂದ ಬಂದಿತ್ತು.

ರಸ್ತೆಗೆ ಹೆಸರು ಕೊಟ್ಟವನು 1835ರಿಂದ 1838ರವರೆಗೆ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟ್. ಈಗ ಬೋರ್ಡಿನಲ್ಲಿ ಮೌಲಾನಾ ಶೌಕತ್ ಅಲಿ ರೋಡ್ ಎಂದಿದೆ, ಕರೆಯುವವರು ಕಡಿಮೆ. 1846ರಲ್ಲಿ ಜಗನ್ನಾಥ ಶಂಕರಶೇಟರ ನೆರವಿನಿಂದ ಇಲ್ಲೊಂದು ನಾಟಕಶಾಲೆ ಎದ್ದಿತು. ಸಾಂಗ್ಲಿಯ ವಿಷ್ಣುದಾಸ ಭಾವೆ 1853ರಲ್ಲಿ ತಮ್ಮ ತಂಡ ಕಟ್ಟಿಕೊಂಡು ಬಂದು ಆಡಿದ್ದು ಅಲ್ಲೇ. ಭಾವೆಯವರಿಗೆ ನಾಟಕದ ಹುಚ್ಚು ಹತ್ತಿಸಿದ್ದು ನಮ್ಮ ಉತ್ತರ ಕನ್ನಡದಿಂದ ಸಾಂಗ್ಲಿಗೆ ಹೋದ ಭಾಗವತರ ಮೇಳ ಎಂಬುದನ್ನು ನಮ್ಮೂರ ಕಡೆಯವಳಾದ ನಾನು ಹೇಳದೆ ಬಿಡಲಾರೆ. ಆಮೇಲೆ ಪಾರ್ಸಿ ಕಂಪನಿಗಳು ಬಂದವು, ಬಣ್ಣದ ಪರದೆಗಳು ಬಂದವು. ಕಂಬಗಳ ದಿವಾನಖಾನೆ, ತೂಗುದೀಪ, ಮಡಿಕೆ ಬಿದ್ದ ವೆಲ್ವೆಟ್ಟು. ಸಿರಿವಂತರ ಮನೆಯ ಹೊಸಿಲು ದಾಟದ ಗಿರಣಿ ಕೆಲಸಗಾರನೂ ಟಿಕೆಟ್ ಕೊಂಡು ಅಂಥ ಕೋಣೆಯೊಂದನ್ನು ರಾತ್ರಿಯೆಲ್ಲ ನೋಡಬಹುದಿತ್ತು. ‘ಐಡಿಯಲ್ ಹೋಮ್’ ಇಲ್ಲಿ ಎಂಬತ್ತು ವರ್ಷ ಮೊದಲೇ ನಡೆದಿತ್ತು ಎನ್ನುವುದು ನನ್ನ ವಾದ.

ನೋಡಿ ಬಂದದ್ದನ್ನು ಖೋಲಿಯಲ್ಲಿ ಮಾಡುವುದು ಹೇಗೆ? ಬಾಡಿಗೆದಾರನಿಗೆ ಗೋಡೆಯ ಮೇಲಿದ್ದ ಹಕ್ಕು ಒಂದೇ, ಮೊಳೆ ಹೊಡೆಯುವುದು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಆ ಮೊಳೆಗೆ ಲಕ್ಷ್ಮಿಯೂ ಸರಸ್ವತಿಯೂ ಬಂದು ಕೂತರು. ಹೆಂಗಸರು ಆ ಚಿತ್ರಗಳ ಸೀರೆಯ ಮೇಲೆ ಜರಿ, ಚಮಕಿ ಅಂಟಿಸಿ ಮತ್ತೆ ಗಾಜು ಹಾಕಿಸುತ್ತಿದ್ದರು. ಅದನ್ನು ಅಭಿರುಚಿಹೀನ ಎಂದು ಜರೆದ ಕಲಾವಿಮರ್ಶಕರು ಒಂದೇ ಕಿಟಕಿಯ ಕೋಣೆಯಲ್ಲಿ ಬದುಕಿದವರಲ್ಲ. ಸಂಜೆ ದೀಪ ಹಚ್ಚಿದಾಗ ಆ ಜರಿ ಹೊಳೆಯುವುದರಿಂದಲೇ ಎದುರುಗೋಡೆ ಒಂದು ಗೇಣು ಹಿಂದೆ ಸರಿದಂತೆ ಕಾಣುತ್ತಿತ್ತು.

ಊರಿನಲ್ಲಿ ನಾವು ಕೆಮ್ಮಣ್ಣು ಬಳಿದ ಗೋಡೆಗೆ ಶೇಡಿಯಿಂದ ಚಿತ್ರ ಬರೆಯುವವರು. ಇಲ್ಲಿ ಸ್ಟೇಷನ್ನಿನ ಪಶ್ಚಿಮಕ್ಕೆ ಪಾರ್ಸಿ ಕಟ್ಟಡಗಳ ಬಾಗಿಲಲ್ಲಿ ತೂತಿನ ತಗಡು ಡಬ್ಬಿ ಒತ್ತಿ ಬಿಳಿ ಪುಡಿಯ ಮೀನು ಮೂಡಿಸುವುದನ್ನು ಕಂಡು ಬೆರಗಾದೆ. ಅತ್ತೆಯವರಿಗೆ ಅದು ಸೋಮಾರಿಗಳ ರಂಗೋಲಿ. ನಾನು ಒಂದು ಡಬ್ಬಿ ಕೊಂಡೆ.

ಸಾಮಾನಿನ ವಿಷಯಕ್ಕೆ ಬಂದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ನಡಿಗೆಯ ದೂರ. ಬಂಗಲೆ ಬಿಟ್ಟು ಹೋದ ದೊರೆಗಳ ಮೇಜು, ಮನೆ ಪಾಲಾದ ಸೇಠರ ಕನ್ನಡಿ, ಬಾಗಿಲು ಹಾಕಿದ ಇರಾನಿ ಹೋಟೆಲುಗಳ ಕುರ್ಚಿ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಸ್ಟೇಷನ್ನಿನ ಎದುರಿಗೆ 1914ರಲ್ಲಿ ಶುರುವಾದ ಬಿ. ಮೆರ್ವಾನ್‌ನಲ್ಲಿ ಕೂತವರಿಗೆ ಆ ಕುರ್ಚಿ ಗೊತ್ತು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದ್ದು. ಆ ಮಾದರಿಯ ಮೂಲಪುರುಷ ಮೈಕೆಲ್ ಥೋನೆಟ್. 1859ರ ಅವನ 14ನೇ ನಂಬರಿನ ಕುರ್ಚಿಗೆ ಆರೇ ತುಂಡು. ಬಿಚ್ಚಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಡಗಿಗೆಂದು ಮಾಡಿದ ಆ ಜಾಣತನ ಚಾಳಿಗೂ ಹೊಂದಿತು. ಒಂದೇ ಕೈಯಲ್ಲಿ ಎತ್ತಿ ಗ್ಯಾಲರಿಗೆ ಇಟ್ಟರೆ ರಾತ್ರಿ ಹಾಸಿಗೆಗೆ ಜಾಗ.

ಹೊಸದಾಗಿ ಬಂದು ನಿಂತದ್ದು ಕಬ್ಬಿಣದ ಕಪಾಟು ಮಾತ್ರ. ಗೋದ್ರೆಜ್ ಅದನ್ನು 1923ರಿಂದ ಮಾಡುತ್ತಿದೆ. ನಮ್ಮಲ್ಲಿ ಅದು ಬಂದದ್ದು ಬಹಳ ತಡವಾಗಿ. ಬಾಗಿಲ ಕನ್ನಡಿಯಿಂದಾಗಿ ನೆರೆಯವರೆಲ್ಲರ ಅಲಂಕಾರವೂ ಅದರ ಮುಂದೆಯೇ.

ಗೋಡೆಯ ಬಣ್ಣಕ್ಕೆ ಕಾನೂನಿನ ನಂಟಿದೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಮಾಲೀಕರು ರಿಪೇರಿಯಿಂದ ಕೈತೊಳೆದುಕೊಂಡರು. ಇನ್ನು ಯಾರೂ ಎಬ್ಬಿಸಲಾರರೆಂಬ ಧೈರ್ಯ ಬಂದ ಮೇಲೆ ಬಾಡಿಗೆದಾರರೇ ಕುಂಚ ಹಿಡಿದರು. ಸುಣ್ಣಕ್ಕೆ ಅಂಟು, ಚಿಟಿಕೆ ನೀಲಿ ಸೇರಿಸುವುದು ಹಳೆಯ ಕ್ರಮ. ಒರಗಿದರೆ ಬೆನ್ನೆಲ್ಲ ಬಿಳಿ. ಅಷ್ಟರಲ್ಲಿ ಡಿಸ್ಟೆಂಪರ್ ಬಂತು. 1942ರಲ್ಲಿ ನಾಲ್ವರು ಗೆಳೆಯರು ಇಲ್ಲೇ ಆಸುಪಾಸಿನ ಗ್ಯಾರೇಜೊಂದರಲ್ಲಿ ಶುರುಮಾಡಿದ ಏಷ್ಯನ್ ಪೇಂಟ್ಸ್ ಅದನ್ನು ಸಣ್ಣ ಮನೆಗಳಿಗೆ ಮುಟ್ಟಿಸಿತು. ಅದರ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ತುಂಟ ಗಟ್ಟು 1954ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಕೈಯಲ್ಲಿ. ಹೆಸರು ಜನರೇ ಕೊಟ್ಟದ್ದು, ಸ್ಪರ್ಧೆಯಲ್ಲಿ. ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳದೆ ಕಳಿಸಿದ ಹುಡುಗನ ಚಿತ್ರ ದೇಶದ ಎಷ್ಟು ಮನೆಯ ಮೂಲೆಗಳಲ್ಲಿ ಖಾಲಿ ಡಬ್ಬಿಯಾಗಿ ಕೂತಿತ್ತೋ! ನಮ್ಮದರಲ್ಲಿ ತುಳಸಿ ಇತ್ತು.

ಈಗ ಅಣ್ಣನ ಮಗಳು ಡೊಂಬಿವಲಿಯಲ್ಲಿ ಮನೆ ಹಿಡಿದಿದ್ದಾಳೆ. “ಅತ್ತೆ, ಮೊದಲು ಏನು ತರಲಿ?” ಎಂದು ಕೇಳುತ್ತಾಳೆ. ಹನ್ನೊಂದು ತಿಂಗಳ ಕರಾರು. ಮೊಳೆ ಹೊಡೆಯಬಾರದೆಂದೂ ಅದರಲ್ಲಿ ಬರೆದಿದೆಯಂತೆ. ನಮಗಿದ್ದ ಒಂದು ಹಕ್ಕೂ ಅವಳಿಗಿಲ್ಲ. ಹಾಗಾದರೆ ಕುರ್ಚಿಯೇ ಮೊದಲು, ಎಂದೆ. ಶುಕ್ರವಾರ ಬೆಳಕು ಹರಿಯುವ ಮೊದಲೇ ಚೋರ್ ಬಜಾರಿಗೆ ಹೋಗಬೇಕು, ಆ ದಿನ ಸಾಮಾನು ಬೀದಿಗೇ ಬರುತ್ತದೆ. ಕುರ್ಚಿಯನ್ನು ಮಗುಚಿ ನೆಲಕ್ಕೆ ಎರಡು ಸಲ ತಟ್ಟಬೇಕು. ಸಣ್ಣ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ, ಬಿಟ್ಟು ಮುಂದೆ ಹೋಗು. ಬೆತ್ತದ ಹೆಣಿಗೆ ಹರಿದಿದ್ದರೆ ಚಿಂತೆಯಿಲ್ಲ, ಹೆಣೆದುಕೊಡುವವರು ಸಿಗುತ್ತಾರೆ. ಮತ್ತೆ, ಅವನು ಹೇಳಿದ ಬೆಲೆ ಕೇಳಿ ಮುಖ ಗಂಟಿಕ್ಕಬೇಡ, ಅರ್ಧಕ್ಕೆ ಕೇಳು.