ಸೊಂಟದ ಕತ್ತಿ, ಜಗಲಿಯ ಕೋವಿ

ಕುಮಟಾ, ಹೊನ್ನಾವರ, ಭಟ್ಕಳದ ತೋಟಗಳಲ್ಲಿ ದುಡಿಯುವವರ ಸೊಂಟದ ಕತ್ತಿ ಕಾನೂನಿನ ಕಣ್ಣಿಗೆ ಆಯುಧವಲ್ಲ. ಪರವಾನಗಿಯಿಲ್ಲದ ಕೋವಿ ಮಾತ್ರ ಜಗಲಿಯ ಮೂಲೆಯಲ್ಲಿ ಸುಮ್ಮನಿದ್ದರೂ ಅಪರಾಧ. ಈ ಭೇದ ಇಂದು ನಿನ್ನೆಯದಲ್ಲ. ಭಾರತೀಯ ದಂಡಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ. 1878ರ ಶಸ್ತ್ರ ಕಾಯ್ದೆ ಕೋವಿಗೆ ಪರವಾನಗಿ ಕಡ್ಡಾಯ ಮಾಡಿತು. ಕೊಡವರಿಗೆ ಸಿಕ್ಕ ವಿನಾಯಿತಿ ಇಲ್ಲಿನ ರೈತನಿಗೆ ಸಿಗಲಿಲ್ಲ. ಸಂವಿಧಾನ ಶಸ್ತ್ರಾಸ್ತ್ರವನ್ನು ಕೇಂದ್ರದ ಪಟ್ಟಿಗೆ, ಪೊಲೀಸನ್ನು ರಾಜ್ಯದ ಪಟ್ಟಿಗೆ ಹಾಕಿತು. ಹಾಗಾಗಿ ಈಗಿನ 1959ರ ಶಸ್ತ್ರ ಕಾಯ್ದೆ ದೆಹಲಿಯದು, ಅದನ್ನು ಜಾರಿ ಮಾಡುವ ಕೈ ರಾಜ್ಯದ್ದು.

ಕಾನೂನು ಅಳೆಯುವುದು ಹರಿತವನ್ನಲ್ಲ, ಉದ್ದೇಶವನ್ನು ಎಂಬುದು ನನ್ನ ವಾದ. 9 ಅಂಗುಲಕ್ಕಿಂತ ಉದ್ದದ ಅಲಗು ಶಸ್ತ್ರಗಳ ಪಟ್ಟಿಯಲ್ಲಿದೆ; ಆದರೆ ಮನೆ, ಬೇಸಾಯದ ಬಳಕೆಗೆಂದು ಮಾಡಿದ್ದಕ್ಕೆ ವಿನಾಯಿತಿಯಿದೆ. ಹಾಗಾದರೆ ಕತ್ತಿ ಹಿಡಿದ ಕೊಲೆಗಾರನೂ ಬಚಾವಾಗುತ್ತಾನಲ್ಲ ಎನ್ನಬಹುದು. ಇಲ್ಲ. ಅದೇ ಕತ್ತಿ ಮನುಷ್ಯನ ಮೇಲೆ ಬೀಸಿದ ಕ್ಷಣ ಮಾರಕಾಯುಧವಾಗುತ್ತದೆ. ದಂಡಸಂಹಿತೆಯ 324, 326ನೆಯ ಕಲಮುಗಳು ಹೇಳಿದ್ದು ಇದನ್ನೇ, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮು ಹೇಳುವುದೂ ಇದನ್ನೇ. ಕೋವಿಗೆ ಬಿಗಿ ಹೆಚ್ಚಾಯಿತು, ಹಂದಿ-ಮಂಗಗಳಿಂದ ಬೆಳೆ ಕಾಯುವುದು ಹೇಗೆ ಎಂಬ ರೈತನ ದೂರಿನಲ್ಲಿ ಹುರುಳಿದೆ. ಅದಕ್ಕೆ ಕಾಯ್ದೆಯೇ ಬೆಳೆ ರಕ್ಷಣೆಯ ಪರವಾನಗಿಯ ದಾರಿ ಇಟ್ಟಿದೆ. ಆದರೆ 1996ರ ಏಪ್ರಿಲ್ 10ರಂದು ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಕೊಂದದ್ದು ಗುಂಡು. ದೂರದಿಂದಲೇ ಜೀವ ತೆಗೆಯುವ ವಸ್ತುವಿಗೆ ಮೊದಲೇ ಲೆಕ್ಕ ಕೇಳುವುದು ನ್ಯಾಯವೇ.